ಸ್ಟೇಜ್ ಮೇಲೆ ಸರಿ, ನಡುಮನೇಲಿ ಯಾಕೆ ಬೇಡ?

ದೃಷ್ಟಿ ತೆಗೆಯೋದನ್ನ ನಮ್ಮ ಮನೆ ಹೆಣ್ಣುಮಕ್ಕಳಿಗೆ ಯಾರೂ ಕೂರಿಸಿಕೊಂಡು ಕಲಿಸಲ್ಲ. ಉಪ್ಪು, ಒಣಮೆಣಸಿನಕಾಯಿ, ಪೊರಕೆಕಡ್ಡಿ, ಕೈಗೆ ಏನು ಸಿಗತ್ತೋ ಅದ್ರಲ್ಲಿ ತೆಗೀತೀವಿ. ಏನೂ ಸಿಗದಿದ್ರೆ ಸೆರಗು ಇದ್ದೇ ಇದೆ. 2021ರ ನವೆಂಬರ್ 9ನೇ ತಾರೀಕು ಮಂಜಮ್ಮ ಜೋಗತಿ ರಾಷ್ಟ್ರಪತಿ ಭವನಕ್ಕೆ ಪದ್ಮಶ್ರೀ ತಗೊಳ್ಳೋಕೆ ಹೋದ್ರಲ್ಲ, ಆಗ ರಾಷ್ಟ್ರಪತಿ ರಾಮನಾಥ ಕೋವಿಂದರ ಮುಂದೆ ನಿಂತು ಸೆರಗಿನ ತುದಿ ಹಿಡಿದು ನಿವಾಳಿಸಿದ್ರು. ದೇಶಕ್ಕೆಲ್ಲ ಅದು ದೊಡ್ಡ ಆಶ್ಚರ್ಯ ಆಯ್ತು. ನಮಗೆ ಮಾತ್ರ ನಮ್ಮನೆ ದೊಡ್ಡಮ್ಮನೇ ಯಾರೋ ದೆಹಲಿಗೆ ಹೋಗಿ ಬಂದ ಹಾಗಿತ್ತು.

ನಮ್ಮ ಮನೆಯವರದೊಂದು ವಾಟ್ಸಾಪ್ ಗ್ರೂಪಿದೆ. ಎಲ್ಲರ ಮನೇಲೂ ಇರತ್ತೆ, ಬಿಡಿ. ಅವತ್ತು ಆ ವಿಡಿಯೋ ಗ್ರೂಪಲ್ಲಿ ಏಳು ಸಲ ಬಂತು. ಎಲ್ಲರೂ ಕೈ ಮುಗಿದದ್ದೇ ಮುಗಿದದ್ದು. ಅದೇ ಗ್ರೂಪಿಗೆ ಈ ವರ್ಷ ನಮ್ಮ ಓರಗಿತ್ತಿ ಅವಳ ಮಗನ ಭರತನಾಟ್ಯದ ಒಂದು ವಿಡಿಯೋ ಹಾಕಿದ್ಲು. ಹದಿಮೂರು ವರ್ಷದ ಹುಡುಗ, ಐದು ವರ್ಷದಿಂದ ಕಲೀತಿದಾನೆ, ಚೆನ್ನಾಗೇ ಮಾಡ್ತಾನೆ. ಆವತ್ತು ಗ್ರೂಪಲ್ಲಿ ಒಬ್ಬರೂ ಮಾತಾಡ್ಲಿಲ್ಲ. ಸಾಯಂಕಾಲ ಒಬ್ಬೊಬ್ಬರಾಗಿ ನನಗೆ ಫೋನ್ ಮಾಡಿದ್ರು. "ಅಲ್ಲ ಕಣೇ, ಹೈಸ್ಕೂಲಿಗೆ ಬಂದ್ನಲ್ಲ, ಇನ್ನೂ ಬಿಡಿಸಿಲ್ವಾ?" "ಗಂಡುಹುಡುಗ, ನಡಿಗೆನೇ ಹಾಗಾಗ್ಬಿಟ್ರೆ?" ಸ್ಕೂಲಲ್ಲಿ ಜೊತೆ ಹುಡುಗರು ಅವನಿಗೊಂದು ಅಡ್ಡಹೆಸರಿಟ್ಟಿದಾರೆ, ಅದನ್ನಿಲ್ಲಿ ಬರೆಯಲ್ಲ. ಈ ವರ್ಷ ಅವನ ಗೆಜ್ಜೆಪೂಜೆ ಆಗಬೇಕಿತ್ತು. "ದಸರಾ ಕಳೀಲಿ, ನೋಡೋಣ" ಅಂತ ಮನೆ ದೊಡ್ಡೋರು ಮುಂದಕ್ಕೆ ಹಾಕಿದಾರೆ. ಮುಂದಕ್ಕೆ ಹಾಕೋದು ಅಂದ್ರೆ ನಮ್ಮ ಮನೆಗಳಲ್ಲಿ ಏನರ್ಥ ಅಂತ ನಿಮಗೂ ಗೊತ್ತು.

ಇದನ್ನ ಇಟ್ಟುಕೊಂಡೇ ನಾನು ಹೇಳಬೇಕು ಅಂದ್ಕೊಂಡಿರೋ ಮಾತು ಒಂದೇ. ಗಂಡು ಹೀಗಿರಬೇಕು, ಹೆಣ್ಣು ಹೀಗಿರಬೇಕು ಅನ್ನೋ ಲೆಕ್ಕಕ್ಕೆ ಸಿಗದ ಮೈಯನ್ನ ನಾವು ಸ್ಟೇಜ್ ಮೇಲೆ, ಗುಡೀಲಿ, ಟೀವೀಲಿ ನೋಡಿ ಕೈ ಮುಗೀತೀವಿ. ಅದೇ ಮೈ ನಮ್ಮ ನಡುಮನೇಲಿ ಕೂತು ಊಟ ಮಾಡತ್ತೆ ಅಂದ್ರೆ ಮಾತ್ರ ನಮಗೆ ತಡ್ಕೊಳ್ಳೋಕೆ ಆಗಲ್ಲ.

ಮಂಜಮ್ಮನ ಕತೇನೇ ನೋಡಿ. ಹುಟ್ಟಿದ್ದು ಬಳ್ಳಾರಿ ಕಡೆ ಕಲ್ಲುಕಂಬ ಅನ್ನೋ ಊರಲ್ಲಿ, ಮಂಜುನಾಥ ಶೆಟ್ಟಿ ಅನ್ನೋ ಹೆಸರಲ್ಲಿ. ಹುಡುಗನಾಗಿದ್ದಾಗ್ಲೇ ಹೆಣ್ಣುಮಕ್ಕಳ ಜೊತೆ ಆಟ, ಕುಣಿತ, ಟವಲ್ಲು ಸಿಕ್ರೆ ಲಂಗದ ಹಾಗೆ ಸುತ್ಕೊಳ್ಳೋದು. ಮನೇಲಿ ಹೊಡೆತ ಬಿತ್ತು, ಬೈಗುಳ ಬಿತ್ತು, ಸರಿಹೋಗ್ಲಿಲ್ಲ. 1975ರಲ್ಲಿ ಹೊಸಪೇಟೆ ಹತ್ತಿರದ ಹುಲಿಗೆಮ್ಮನ ಗುಡಿಗೆ ಕರ್ಕೊಂಡು ಹೋಗಿ ಮುತ್ತು ಕಟ್ಟಿಸಿದ್ರು. ಉಡಿದಾರ ಕಿತ್ತು, ಬಳೆ ತೊಡಿಸಿ, ಲಂಗ ರವಿಕೆ ಹಾಕೋ ಶಾಸ್ತ್ರ ಅದು. ಅಲ್ಲಿಂದಾಚೆಗೆ ಆ ಮಗು ಎಲ್ಲಮ್ಮನಿಗೆ ಸೇರಿದ್ದು. ದೇವರಿಗೆ ಸೇರಿದ್ದು ಅಂದ ಮೇಲೆ ಮನೆಗೆ ಸೇರಿದ್ದಲ್ಲ. ಮಂಜಮ್ಮ ಮನೆ ಬಿಟ್ರು, ವಿಷ ಕುಡಿದ್ರು, ಬದುಕಿಕೊಂಡ್ರು, ಬೀದೀಲಿ ಭಿಕ್ಷೆ ಬೇಡಿದ್ರು. ಆಮೇಲೆ ದಾವಣಗೆರೆ ಬಸ್‌ಸ್ಟ್ಯಾಂಡಲ್ಲಿ ಒಬ್ಬ ಅಪ್ಪ ಹಾಡ್ತಾ ಇದ್ದದ್ದು, ಮಗ ತಲೆ ಮೇಲೆ ಕೊಡ ಇಟ್ಕೊಂಡು ಕುಣೀತಾ ಇದ್ದದ್ದು ಕಣ್ಣಿಗೆ ಬಿತ್ತು. ಅಲ್ಲಿ ಶುರುವಾಯ್ತು ಜೋಗತಿ ನೃತ್ಯದ ಪಾಠ. ಮುಂದೆ ಕಾಳವ್ವ ಜೋಗತಿ ಗುರುವಾದ್ರು, ಅವರ ತಂಡ ಸೇರಿ ಊರೂರು ಸುತ್ತಿದ್ರು.

ಈ ಕುಣಿತ ಏನು ಅಂತ ನಮ್ಮ ಮೈಸೂರು ಕಡೆಯವರಿಗೆ ಅಷ್ಟಾಗಿ ಗೊತ್ತಿಲ್ಲ. ತಲೆ ಮೇಲೆ ಎಲ್ಲಮ್ಮನ ಕೊಡ. ಕೈಯಲ್ಲಿ ಹಿಡಿಯೋ ಹಾಗಿಲ್ಲ. ಹಿಂದೆ ಚೌಡಿಕೆ ಬಾರಿಸ್ತಾ ರೇಣುಕೆ ಎಲ್ಲಮ್ಮನ ಕತೆ ಹಾಡ್ತಾರೆ. ಕತ್ತು ಕೊಡಕ್ಕೆ ಸ್ಥಿರವಾಗಿ ನಿಲ್ಲಬೇಕು, ಸೊಂಟದಿಂದ ಕೆಳಗೆ ತಾಳಕ್ಕೆ ಕುಣೀಬೇಕು. ಬಾವಿಯಿಂದ ತುಂಬಿದ ಕೊಡ ಹೊತ್ತು ಬಂದ ನಮ್ಮ ಅಜ್ಜಿಯಂದಿರಿಗೆ ಗೊತ್ತಿರತ್ತೆ ಇದು ಎಷ್ಟು ಕಷ್ಟ ಅಂತ. ಹಾಡು, ಕತೆ, ಕುಣಿತ, ಪೂಜೆ, ಅಭಿನಯ, ಎಲ್ಲಾ ಒಂದೇ ಮೈಯಲ್ಲಿ. ಮಂಜಮ್ಮ ಇದ್ರ ಜೊತೆಗೆ ನಾಟಕದಲ್ಲೂ ಪಾತ್ರ ಮಾಡಿದಾರೆ, ತಮ್ಮ ಬದುಕನ್ನ ಅರುಣ್ ಜೋಳದಕೂಡ್ಲಿಗಿ ಅವರಿಗೆ ಹೇಳಿ ಬರೆಸಿದಾರೆ. ಆ ಪುಸ್ತಕದ ಹೆಸರು "ನಡುವೆ ಸುಳಿವ ಹೆಣ್ಣು". ಹೆಸರು ಕೇಳಿದ ತಕ್ಷಣ ಜೇಡರ ದಾಸಿಮಯ್ಯನ ವಚನ ನೆನಪಾಗತ್ತೆ. ಅಂದ್ರೆ ಈ ಪ್ರಶ್ನೆ ಕನ್ನಡಕ್ಕೆ ನೂರಾರು ವರ್ಷ ಹಳೇದು, ಮೊನ್ನೆ ಮೊಬೈಲಲ್ಲಿ ಬಂದದ್ದಲ್ಲ.

2006ರಲ್ಲಿ ಜಾನಪದ ಅಕಾಡೆಮಿ ಪ್ರಶಸ್ತಿ, 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಅದೇ ಜಾನಪದ ಅಕಾಡೆಮಿಗೆ ಅಧ್ಯಕ್ಷೆ. ಆ ಕುರ್ಚೀಲಿ ಕೂತ ಮೊದಲ ಟ್ರಾನ್ಸ್‌ಜೆಂಡರ್ ಅವರೇ. ಇದನ್ನೆಲ್ಲ ಹೇಳಿ ನಮ್ಮ ಜನ "ನೋಡಿ, ನಮ್ಮ ಸಂಸ್ಕೃತೀಲಿ ಇಂಥೋರಿಗೆ ಎಂಥಾ ಗೌರವ!" ಅಂತಾರೆ. ಇಲ್ಲೇ ನನಗೆ ತಕರಾರಿರೋದು.

ಮುತ್ತು ಕಟ್ಟೋದು ಗೌರವನಾ? ಮನೇಲಿ ಇಟ್ಕೊಳ್ಳೋಕೆ ಆಗದ ಮಗೂನ ದೇವರ ಹೆಸರಲ್ಲಿ ಆಚೆ ಕಳಿಸೋದು ಅದು. ದೇವರು ಒಪ್ಪಿಕೊಂಡ್ಳು, ನಿಜ. ಮನೆ ಒಪ್ಪಲಿಲ್ಲ. ಹೆಣ್ಣುಮಕ್ಕಳನ್ನ ದೇವರಿಗೆ ಬಿಡೋದನ್ನ ನಮ್ಮ ಸರ್ಕಾರ 1982ರಲ್ಲೇ ಕಾಯ್ದೆ ಮಾಡಿ ನಿಷೇಧಿಸಿದೆ. ಅದು ತಪ್ಪು ಅಂತ ಇವತ್ತು ಎಲ್ಲರೂ ಒಪ್ತೀವಿ. ಹಾಗಿರುವಾಗ ಇಂಥ ಮಕ್ಕಳಿಗೆ ಇದ್ದದ್ದು ಅದೊಂದೇ ಬಾಗಿಲು ಅನ್ನೋದನ್ನ ಹೆಮ್ಮೆ ಅಂತ ಹೇಳ್ಕೊಳ್ಳೋಕೆ ಆಗತ್ತಾ? ಮಂಜಮ್ಮ ಆ ಬೀದೀಲೇ ಒಂದು ಕಲೆ ಕಲಿತು ಎದ್ದು ನಿಂತ್ರು. ಅದು ಅವರ ಗಟ್ಟಿತನ. ಬೀದಿಗೆ ಕಳಿಸಿದೋರದ್ದಲ್ಲ. ಮಾವಿನಕಾಯಿ ಕೊಳೆಯೋಕೆ ಬಿಟ್ಟು, ಬಿದ್ದ ಓಟೆ ಗಿಡವಾಯ್ತು ಅಂತ ತೋಟಗಾರ ಬೀಗಿದ ಹಾಗಾಗತ್ತೆ.

ಇದೇ ಪ್ರಶ್ನೇನ ಇನ್ನೊಂದು ದಾರೀಲಿ ಕೇಳ್ತಿರೋ ಕಲಾವಿದರೂ ಇದಾರೆ. ಇವರು ಗುಡಿ ಮೂಲಕ ಬಂದೋರಲ್ಲ, ನಾಟ್ಯಶಾಲೆ ಮೂಲಕ ಬಂದೋರು. ಕಂಟೆಂಪರರಿ ಡ್ಯಾನ್ಸ್ ಅಂತಾರಲ್ಲ, ಅದು. ನಾಟ್ಯ, ಯೋಗ, ಮಾತು, ವಿಡಿಯೋ, ಬರವಣಿಗೆ ಎಲ್ಲಾನೂ ಬೆರೆಸಿ ಕೆಲಸ ಮಾಡ್ತಾರೆ. ಅವರಲ್ಲಿ ಕೆಲವರು ತಮ್ಮನ್ನ ಕ್ವಿಯರ್ ಅಂತ ಕರ್ಕೋತಾರೆ. ಆ ಪದ ಕೇಳಿ ಗಾಬರಿ ಬೀಳೋದೇನೂ ಬೇಡ. ಗಂಡು, ಹೆಣ್ಣು, ಮದುವೆ ಅನ್ನೋ ಮೂರು ಡಬ್ಬೀಲಿ ತಮ್ಮ ಬದುಕು ಹಿಡಿಸಲ್ಲ ಅಂತ ಗೊತ್ತಾದೋರು ತಮಗೆ ತಾವೇ ಇಟ್ಟುಕೊಂಡ ಹೆಸರು ಅದು, ಅಷ್ಟೇ.

ದೆಹಲಿಯ ನವತೇಜ್ ಸಿಂಗ್ ಜೋಹರ್ ಅಂಥ ಒಬ್ಬರು. ಸಿಖ್ ಮನೆತನದೋರು, ಚೆನ್ನೈಗೆ ಬಂದು ಕಲಾಕ್ಷೇತ್ರದಲ್ಲಿ ಭರತನಾಟ್ಯ ಕಲಿತ್ರು. ಯೋಗ ಕಲಿತದ್ದು ಅದೇ ಊರಿನ ಕೃಷ್ಣಮಾಚಾರ್ಯ ಯೋಗ ಮಂದಿರದಲ್ಲಿ. ಯಾವ ಕೃಷ್ಣಮಾಚಾರ್ಯರು ಅಂತೀರಾ? ನಮ್ಮೂರ ಜಗನ್ಮೋಹನ ಅರಮನೇಲಿ 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಯೋಗಶಾಲೆ ನಡೆಸ್ತಿದ್ರಲ್ಲ, ಅವರೇ. ಅವರ ಶಿಷ್ಯ ಪಟ್ಟಾಭಿ ಜೋಯಿಸರ ದೆಸೆಯಿಂದ್ಲೇ ಇವತ್ತು ಗೋಕುಲಂ ರಸ್ತೆಗಳಲ್ಲಿ ಫಾರಿನ್‌ನೋರು ಚಾಪೆ ಸುತ್ಕೊಂಡು ಓಡಾಡೋದು. ಜೋಹರ್ ನಾಟ್ಯ ಮಾಡ್ತಾರೆ, ಸಂಯೋಜನೆ ಮಾಡ್ತಾರೆ, ಯೋಗ ಕಲಿಸ್ತಾರೆ, ಮೈ ಬಗ್ಗೆ ಬರೀತಾರೆ. ಭರತನಾಟ್ಯವನ್ನ "ಮರ್ಯಾದಸ್ಥ" ಮಾಡೋ ಭರದಲ್ಲಿ ಮೈಯ ಸುಖವನ್ನ ಅದ್ರಿಂದ ತೆಗೆದು ಹಾಕಿದ್ರು ಅನ್ನೋದು ಅವರ ವಾದದ ಒಂದು ಎಳೆ.

ಅವರ ಹೆಸರು ನೀವು ಪೇಪರಲ್ಲಿ ಬೇರೆ ಕಾರಣಕ್ಕೆ ಓದಿರ್ತೀರಿ. ಗಂಡು ಗಂಡನ್ನ, ಹೆಣ್ಣು ಹೆಣ್ಣನ್ನ ಪ್ರೀತಿಸಿ ಒಟ್ಟಿಗಿರೋದನ್ನ ಅಪರಾಧ ಅಂತ ಹೇಳ್ತಿದ್ದ 377ನೇ ಕಲಮಿನ ಮೇಲೆ 2016ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಐದು ಜನರಲ್ಲಿ ಅವರದ್ದೇ ಮೊದಲ ಹೆಸರು. ಜೊತೇಲಿ ಅವರ ಸಂಗಾತಿ, ಪತ್ರಕರ್ತ ಸುನಿಲ್ ಮೆಹ್ರಾ ಇದ್ರು. 2018ರ ಸೆಪ್ಟೆಂಬರ್ 6ರಂದು ಐದು ನ್ಯಾಯಮೂರ್ತಿಗಳು ಒಮ್ಮತದಿಂದ, ವಯಸ್ಸಿಗೆ ಬಂದೋರು ಇಬ್ಬರೂ ಒಪ್ಪಿ ಬದುಕೋದು ಅಪರಾಧ ಅಲ್ಲ ಅಂದ್ರು. ಆ ತೀರ್ಪಿಗೆ ಒಬ್ಬ ಭರತನಾಟ್ಯ ಕಲಾವಿದನ ಹೆಸರಿದೆ ಅನ್ನೋದು ನನಗೆ ಸಣ್ಣ ವಿಷಯ ಅನ್ಸಲ್ಲ. "ಇದೆಲ್ಲ ಫಾರಿನ್ ಶೋಕಿ" ಅನ್ನೋರಿಗೆ ಒಂದು ಮಾತು: ಹೊರಗಿಂದ ಬಂದದ್ದು ಆ ಕಲಮು. 1860ರ ದಂಡಸಂಹಿತೇಲಿ ಬ್ರಿಟಿಷರು ಬರೆದಿಟ್ಟು ಹೋದದ್ದು.

ಇನ್ನೊಬ್ಬರು ಮಂದೀಪ್ ರೈಖಿ, ಅವರೂ ದೆಹಲೀಲಿ ಕೆಲಸ ಮಾಡೋರು. ಅದೇ 2016ರಲ್ಲಿ "ಕ್ವೀನ್ ಸೈಜ್" ಅಂತ ಒಂದು ನೃತ್ಯ ಕಟ್ಟಿದ್ರು. ಇಬ್ಬರು ಗಂಡಸರು, ಒಂದು ಹಗ್ಗದ ಮಂಚ. ಇಷ್ಟೇ ರಂಗಸಜ್ಜಿಕೆ. ಆ ಮಂಚದ ಮೇಲೆ ಇಬ್ಬರ ಒಡನಾಟ, ಜಗಳ, ಸಲಿಗೆ. ದೊಡ್ಡ ದೊಡ್ಡ ಮಾತಿಲ್ಲ. ನಮ್ಮ ಅಜ್ಜನ ಮನೆ ಹಿತ್ತಿಲಲ್ಲೂ ಇದ್ದಂಥ ಮಂಚ ಅದು. ಮಲಗೋ ಮಂಚ ಮನೆಯವರ ಸ್ವಂತದ್ದು, ಅದರೊಳಗೆ ಪೊಲೀಸು ಯಾಕೆ ಇಣುಕಬೇಕು ಅನ್ನೋದೇ ಆ ನೃತ್ಯದ ಪ್ರಶ್ನೆ. ನಾನು ಅದಕ್ಕೆ ಇನ್ನೊಂದು ಸೇರಿಸ್ತೀನಿ: ಪೊಲೀಸು ಇಣುಕೋದು ನಿಂತ್ರೂ ಪಕ್ಕದ ಮನೆಯೋರು, ಚಿಕ್ಕಪ್ಪ, ದೊಡ್ಡಪ್ಪ ಇಣುಕೋದು ನಿಂತಿದೆಯಾ?

ಈಗ ಮೈಸೂರಿನ ಮಾತಿಗೆ ಬರ್ತೀನಿ. "ನಮ್ಮದು ಸಂಪ್ರದಾಯಸ್ಥ ಊರು, ಇಲ್ಲಿ ಇದೆಲ್ಲ ಒಗ್ಗಲ್ಲ" ಅಂತಾರೆ. ಕುಣಿಯೋ ಮೈ ವಿಷಯದಲ್ಲಿ ಈ ಊರು ಒಂದು ಸಲ ಪೂರ್ತಿ ಮನಸ್ಸು ಬದಲಾಯಿಸಿದೆ ಅನ್ನೋದನ್ನ ಅವರು ಮರೀತಾರೆ. ಜಟ್ಟಿ ತಾಯಮ್ಮ ಇದ್ದದ್ದು 1857ರಿಂದ 1947ರವರೆಗೆ. ಅಭಿನಯ ಅಂದ್ರೆ ಅವರದ್ದು ಅನ್ನೋ ಹಾಗೆ ಅರಮನೇಲಿ ಹೆಸರು ಮಾಡಿದ್ರು. ಆದ್ರೆ ಅವರ ಕಾಲದಲ್ಲಿ ಗರತಿ ಮನೆ ಹುಡುಗಿ ಕಾಲಿಗೆ ಗೆಜ್ಜೆ ಕಟ್ಟೋದು ಅಂದ್ರೆ ಊರು ಬಾಯಿಗೆ ಕೈಯಿಡೋ ಸಂಗತಿ. "ಕುಣಿಯೋಳು" ಅನ್ನೋದೇ ಬೈಗುಳ. ಗೆಜ್ಜೆಪೂಜೆ ಅನ್ನೋ ಪದಕ್ಕೇ ಅರ್ಥ ಬೇರೆ ಇತ್ತು. ಹುಡುಗೀನ ಮದುವೆ ಇಲ್ಲದ ಬಾಳಿಗೆ ಒಪ್ಪಿಸೋ ಶಾಸ್ತ್ರ ಅದು. ಎಂ.ಕೆ. ಇಂದಿರಾ ಅವರ ಕಾದಂಬರಿ ಓದಿದೋರಿಗೆ, ಪುಟ್ಟಣ್ಣ ಕಣಗಾಲರ ಸಿನಿಮಾ ನೋಡಿ ಕಣ್ಣೀರು ಹಾಕಿದೋರಿಗೆ ಬಿಡಿಸಿ ಹೇಳೋದು ಬೇಡ.

ತಾಯಮ್ಮನ ಶಿಷ್ಯೆ ವೆಂಕಟಲಕ್ಷಮ್ಮ. 1906ರಲ್ಲಿ ಕಡೂರು ಕಡೆ ಲಂಬಾಣಿ ತಾಂಡಾದಲ್ಲಿ ಹುಟ್ಟಿ, ಅರಮನೆ ಆಸ್ಥಾನ ನರ್ತಕಿಯಾಗಿ, 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ನೃತ್ಯ ವಿಭಾಗಕ್ಕೆ ಮೊದಲ ರೀಡರ್ ಆದ್ರು. 1992ರಲ್ಲಿ ಪದ್ಮಭೂಷಣ. ಅವರ ಹತ್ತಿರ ಕೂತು ಅಭಿನಯ ಕಲಿತದ್ದು ಒಳ್ಳೊಳ್ಳೆ ಮನೆತನದ ಹೆಣ್ಣುಮಕ್ಕಳು. ಇವತ್ತು ಮೈಸೂರಲ್ಲಿ ಗೆಜ್ಜೆಪೂಜೆಗೆ ಬಂಗಾರದ ಅಂಚಿನ ಕಾರ್ಡ್ ಹೊಡೆಸಿ, ಛತ್ರ ಹಿಡಿದು, ಊಟ ಹಾಕ್ತೀವಿ. ಅಂದ್ರೆ ಎರಡು ತಲೆಮಾರಲ್ಲಿ ಬೈಗುಳ ಇದ್ದದ್ದು ಆಮಂತ್ರಣ ಪತ್ರಿಕೆ ಆಯ್ತು. ಯಾವ ಕೋರ್ಟೂ ಆ ಆದೇಶ ಕೊಡ್ಲಿಲ್ಲ. ಒಂದೊಂದು ಮನೇಲಿ ಒಬ್ಬೊಬ್ಬ ಅಮ್ಮ "ನನ್ನ ಮಗಳು ಕಲೀಲಿ" ಅಂದಿದ್ರಿಂದ ಆಯ್ತು. ಹೆಣ್ಣುಮಕ್ಕಳಿಗೆ ಆದದ್ದು ಗಂಡುಹುಡುಗರಿಗೆ, ಎರಡರ ನಡುವೆ ಇರೋ ಮಕ್ಕಳಿಗೆ ಯಾಕಾಗಬಾರದು?

ಇನ್ನೊಂದು ನೋಡಿ. ತಾಯಮ್ಮನ ಹೆಸರಿನ ಹಿಂದೆ "ಜಟ್ಟಿ" ಇದೆ. ಜಟ್ಟಿ ಅಂದ್ರೆ ಕುಸ್ತಿ ಮನೆತನ. ದಸರೆಯ ವಜ್ರಮುಷ್ಟಿ ಕಾಳಗ ಇವತ್ತಿಗೂ ಅವರದ್ದೇ. ಗರಡಿಯ ಮನೆತನದಲ್ಲಿ ಹುಟ್ಟಿದ ಹೆಣ್ಣುಮಗಳು ಮೈಸೂರು ಶೈಲಿ ಅಭಿನಯಕ್ಕೇ ಗುರು ಆದ್ರು. ಗಟ್ಟಿತನ ಗಂಡಿಗೆ, ಲಾಲಿತ್ಯ ಹೆಣ್ಣಿಗೆ ಅಂತ ಬರೆದಿಟ್ಟ ಗೆರೆ ನಮ್ಮೂರಲ್ಲಿ ಎಂದೂ ಅಷ್ಟು ನೇರವಾಗಿರ್ಲಿಲ್ಲ. ಬೊಂಬೆ ಕೂರಿಸೋವಾಗ ಪಟ್ಟದ ಗೊಂಬೆ ಪಕ್ಕದಲ್ಲಿ ಅರ್ಧನಾರೀಶ್ವರನ್ನೂ ಇಡ್ತೀವಿ, ಮೋಹಿನೀನೂ ಇಡ್ತೀವಿ. ಆರತಿ ಎತ್ತೋವಾಗ "ಇದೇನು ಅರ್ಧ ಗಂಡು ಅರ್ಧ ಹೆಣ್ಣು" ಅಂತ ಯಾರೂ ಮುಖ ಸಿಂಡರಿಸಲ್ಲ. ಯಕ್ಷಗಾನದಲ್ಲಿ ಸ್ತ್ರೀವೇಷ ಕಟ್ಟಿದ ಗಂಡಸಿನ ಬೆಡಗನ್ನ ಬೆಳಗಿನ ಜಾವದವರೆಗೂ ಕೂತು ನೋಡ್ತೀವಿ. ಅದು ವೇಷ, ಬೆಳಗ್ಗೆ ಬಣ್ಣ ತೊಳ್ಕೋತಾರೆ ಅನ್ನೋ ಧೈರ್ಯ ನಮಗೆ. ಬಣ್ಣ ತೊಳೆದ ಮೇಲೂ ಹಾಗೇ ಇರೋರು ಸಿಕ್ರೆ ಆ ಧೈರ್ಯ ಹೋಗ್ಬಿಡತ್ತೆ.

ನನ್ನ ಮಾತಿಗೆ ಎದುರುಮಾತೂ ಇದೆ, ಅದನ್ನ ತಳ್ಳಿ ಹಾಕಲ್ಲ. ನಮ್ಮ ಮೈದುನ ಹೇಳೋದು ಇಷ್ಟು: "ಅತ್ತಿಗೆ, ನನಗೆ ಅವನು ಏನಾಗ್ತಾನೋ ಅನ್ನೋ ಚಿಂತೆ ಇಲ್ಲ, ಹೊರಗಿನೋರು ಅವನಿಗೆ ಏನು ಮಾಡ್ತಾರೋ ಅನ್ನೋ ಭಯ." ಈ ಭಯ ಸುಳ್ಳಲ್ಲ. ಮಂಜಮ್ಮ ಪಟ್ಟ ಪಾಡು ಓದಿದ್ರೆ ಯಾವ ಅಪ್ಪನ ಎದೇನೂ ನಡುಗತ್ತೆ. ಆದ್ರೆ ಆ ಭಯಕ್ಕೆ ಗೆಜ್ಜೆ ಬಿಚ್ಚಿಸೋದು ಔಷಧಿನಾ? ಹೊರಗೆ ಕಲ್ಲು ಬೀಳತ್ತೆ ಅಂತ ಗೊತ್ತಿದ್ರೆ ಒಳಗೆ ಚಾವಣಿ ಗಟ್ಟಿ ಮಾಡ್ತೀವಿ. ನಾವೇ ಒಳಗಿಂದ ಎರಡು ಕಲ್ಲು ಹೊಡೆದು ಅಭ್ಯಾಸ ಮಾಡಿಸಲ್ಲ. ಸ್ಕೂಲಲ್ಲಿ ಅಡ್ಡಹೆಸರು ಕೇಳಿ ಬಂದ ಮಗು ಮನೇಲೂ ಅದನ್ನೇ ಕೇಳಿದ್ರೆ ಅದಕ್ಕೆ ಉಳಿಯೋ ಜಾಗ ಯಾವುದು?

ಇನ್ನೊಂದು ವಿಷಯ ಸ್ಪಷ್ಟ ಮಾಡ್ಬೇಕು. ನಾಟ್ಯ ಕಲಿಯೋ ಗಂಡುಹುಡುಗರೆಲ್ಲ ಕ್ವಿಯರ್ ಅಲ್ಲ. ಕ್ವಿಯರ್ ಆದೋರೆಲ್ಲ ನಾಟ್ಯ ಕಲಿಯಲ್ಲ, ಬ್ಯಾಂಕಲ್ಲಿ ಇರ್ತಾರೆ, ಬಸ್ ಓಡಿಸ್ತಾರೆ, ನಮ್ಮ ಪಕ್ಕದಲ್ಲೇ ಕ್ಯೂನಲ್ಲಿ ನಿಂತಿರ್ತಾರೆ. ನಾಟ್ಯ ಯಾರನ್ನೂ ಏನನ್ನೂ ಮಾಡಲ್ಲ. ತನ್ನ ಮೈ ತನ್ನದು ಅಂತ ಒಂದಿಷ್ಟು ಹೊತ್ತು ಅನ್ನಿಸತ್ತೆ, ಅಷ್ಟೇ ಅದ್ರ ಕೆಲಸ. ನಮ್ಮ ಹುಡುಗ ನಾಳೆ ಏನಾಗ್ತಾನೋ ನನಗೆ ಗೊತ್ತಿಲ್ಲ. ಹದಿಮೂರು ವರ್ಷಕ್ಕೆ ಅವನಿಗೂ ಗೊತ್ತಿರಬೇಕು ಅಂತಿಲ್ಲ. "ಇಲ್ಲ ಇಲ್ಲ, ಅವನು ಅಂಥೋನಲ್ಲ" ಅಂತ ನಾನು ವಕಾಲತ್ತು ವಹಿಸಿ ಅವನ ಗೆಜ್ಜೆ ಉಳಿಸಬಹುದು. ಮಾಡಲ್ಲ. ಹಾಗಂದ್ರೆ, ಒಂದು ವೇಳೆ ಅವನು ಅಂಥೋನೇ ಆಗಿದ್ರೆ ಬಿಚ್ಚಿಸೋದು ಸರಿ ಅಂತ ನಾನೇ ಒಪ್ಪಿದ ಹಾಗಾಗತ್ತೆ.

ಸರ್ಕಾರ, ಕೋರ್ಟು ತಮ್ಮ ಕೆಲಸ ಒಂದಷ್ಟು ಮಾಡಿವೆ. ಟ್ರಾನ್ಸ್‌ಜೆಂಡರ್ ಜನ ತಮ್ಮ ಗುರುತನ್ನ ತಾವೇ ಹೇಳ್ಕೊಳ್ಳಬಹುದು ಅಂತ ಸುಪ್ರೀಂ ಕೋರ್ಟು 2014ರಲ್ಲೇ ಹೇಳಿತು. 2021ರಲ್ಲಿ ಕರ್ನಾಟಕ ಸರ್ಕಾರಿ ನೌಕರೀಲಿ ಅವರಿಗೆ ಶೇ. 1 ಮೀಸಲಾತಿ ಕೊಡ್ತು, ದೇಶದಲ್ಲೇ ಮೊದಲು. ನೌಕರಿ ಸಿಕ್ಕಿ ಮೈಸೂರಿಗೆ ಬಂದೋರಿಗೆ ಬಾಡಿಗೆ ಮನೆ ಕೊಡೋರು ಯಾರು? ಅದು ಸರ್ಕಾರದ ಕೈಲಿಲ್ಲ, ನಮ್ಮ ಕೈಲಿದೆ. "ಟು ಲೆಟ್" ಬೋರ್ಡು ನೋಡ್ಕೊಂಡು ಬಂದೋರನ್ನ ಮೇಲಿಂದ ಕೆಳಗೆ ನೋಡಿ "ಈಗ ತಾನೇ ಬೇರೆಯವರಿಗೆ ಹೇಳ್ಬಿಟ್ವಿ" ಅನ್ನೋ ಸುಳ್ಳು ನಮ್ಮ ಬೀದೀಲಿ ಎಷ್ಟು ಸಲೀಸಾಗಿ ಬರತ್ತೆ ಅಂತ ನೀವೂ ಕೇಳಿರ್ತೀರಿ.

ಹಾಗಾಗಿ ನಾನು ಕೇಳೋದು ದೊಡ್ಡ ಕ್ರಾಂತಿ ಏನಲ್ಲ, ಮನೆ ಮಟ್ಟದ ನಾಲ್ಕು ಕೆಲಸ. ಒಂದು, "ಹೆಣ್ಣಿಗ", "ಗಂಡುಬೀರಿ" ಅನ್ನೋ ಮಾತು ತಮಾಷೆಗೂ ಮಕ್ಕಳ ಮುಂದೆ ಆಡಬೇಡಿ. ಮಕ್ಕಳು ಅದನ್ನ ಸ್ಕೂಲಿಗೆ ತಗೊಂಡು ಹೋಗಿ ಇನ್ನೊಂದು ಮಗುವಿನ ಮೇಲೆ ಎಸೀತಾರೆ. ಎರಡು, ನಾಟ್ಯ ಕಲಿಯೋ ಹುಡುಗಿಗೆ ಎಷ್ಟು ಸಂಭ್ರಮ ಮಾಡ್ತೀರೋ ಹುಡುಗನಿಗೂ ಅಷ್ಟೇ ಮಾಡಿ. ಮೂರು, ಟ್ರಾನ್ಸ್‌ಜೆಂಡರ್ ಕಲಾವಿದರ ಕಾರ್ಯಕ್ರಮ ಊರಲ್ಲಿ ನಡೆದ್ರೆ ಟಿಕೆಟ್ ತಗೊಂಡು ಹೋಗಿ ಮುಂದಿನ ಸಾಲಲ್ಲಿ ಕೂತು ನೋಡಿ, ಮನೆ ಮಕ್ಕಳನ್ನೂ ಕರ್ಕೊಂಡು ಹೋಗಿ. ನಾಲ್ಕು, ಮಹಡಿ ಮನೆ ಖಾಲಿ ಇದ್ರೆ ಬಾಡಿಗೆ ಕಟ್ಟೋ ಯೋಗ್ಯತೆ ಒಂದನ್ನೇ ನೋಡಿ.

ನಮ್ಮ ಗೆಜ್ಜೆಪೂಜೆ ವಿಷಯ ದಸರಾ ಕಳೆದ ಮೇಲೆ ಮಾತಿಗೆ ಬರತ್ತೆ. ನಾನು ಹೇಳೋದು ಏನು ಅಂತ ಈಗ ಇಲ್ಲಿ ಬರೆದಾಯ್ತು, ಹಿಂದೆ ಸರಿಯೋ ಹಾಗಿಲ್ಲ. ನಮ್ಮತ್ತೆಗೆ ಎಂಬತ್ತೊಂದು. ಇದನ್ನ ಗಟ್ಟಿಯಾಗಿ ಓದಿ ಹೇಳಿದೆ. ಪೂರ್ತಿ ಕೇಳಿ, "ಆ ಬಾಡಿಗೆ ವಿಷಯ ಮಾತ್ರ ನನ್ನನ್ನ ಕೇಳದೆ ಮಾಡ್ಬೇಡ" ಅಂದ್ರು. ಉಳಿದ ಮೂರಕ್ಕೆ ಬೇಡ ಅನ್ನಲಿಲ್ಲ. ನಾಲ್ಕನೇದಕ್ಕೆ ನಾನು ದಿನಾ ಕೇಳ್ತಾ ಇದೀನಿ.